ವೇಷ ಹಾಕಿದ ಕೋವಿ, ಅಜ್ಜನ ಕೋವಿ

ಪುಣೆಯ ಕನ್ನಡ ಗೆಳೆಯರು ಕಳೆದ ತಿಂಗಳ ಒಂದು ಭಾನುವಾರ ನನ್ನನ್ನು ಮಾತಾಡಲು ಕರೆದಿದ್ದರು. ಅಂದು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ. ಕೋವಿ ಬಗ್ಗೆ ಮಾತಾಡಿ ಅಂದಾಗ ಮೊದಲು ಬೇಡ ಅಂದಿದ್ದೆ. ನಾನು ಸೈನ್ಯದಲ್ಲಿದ್ದವನಲ್ಲ, ಪೊಲೀಸ್ ಇಲಾಖೆಯವನೂ ಅಲ್ಲ. ಪಿಂಪ್ರಿಯ ಒಂದು ಟೂಲ್‌ರೂಮಿನಲ್ಲಿ 31 ವರ್ಷ ಪ್ರೆಸ್ ಟೂಲ್ ಮಾಡಿದವನು. ತಗಡನ್ನು ಒತ್ತಿ ಆಕಾರ ಕೊಡುವ ಡೈಗಳು ನನ್ನ ಅನ್ನ. ಆದರೆ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅಜ್ಜನ ಮನೆಯ ಒಳಜಗಲಿಯ ಗೋಡೆಯಲ್ಲಿ ಒಂದು ಜೋಡಿನಳಿಗೆ ಕೋವಿ ಇತ್ತು. ಅದನ್ನು ನೋಡುತ್ತಲೇ ನನಗೆ ಲೋಹದ ಮೇಲೆ ಪ್ರೀತಿ ಹುಟ್ಟಿದ್ದು.

ಈ ಮಾತಿಗೆ ಕಾರಣ ನಮ್ಮ ಸೊಸೈಟಿಯ ಒಬ್ಬ ಹುಡುಗ. ಮೂಲ ಹುಬ್ಬಳ್ಳಿ, ಇಲ್ಲಿ ಹಿಂಜೇವಾಡಿಯಲ್ಲಿ ಕೆಲಸ. ಗಣಪತಿ ಪೆಂಡಾಲಿನ ಹತ್ತಿರ ಕೂತಿದ್ದಾಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದಲ್ಲಿ ಯಾರೋ ಒಬ್ಬರು ಎರಡನೇ ಮಹಾಯುದ್ಧದ ಜರ್ಮನ್ ಮೆಷಿನ್‌ಗನ್ ಹಿಡಿದು ಹೊಡೆಯುತ್ತಿದ್ದಾರೆ. ಕಂಡದ್ದು ಎಂಜಿ42. ಕೇಳಿಸಿದ್ದು ಮಾತ್ರ ಟಪ್, ಟಪ್, ಟಪ್. "ಕಾಕಾ, ಇದು ಕಿಟ್. ಒಳಗೆ ಸಣ್ಣ .22 ರೈಫಲ್ ಇದೆ. ಅಸಲಿಯ ಹತ್ತನೇ ಒಂದು ಭಾಗ ದುಡ್ಡೂ ಬೇಡ. ಹಳೇದನ್ನು ಇಟ್ಕೊಂಡು ತುಕ್ಕು ತಿಕ್ಕೋದಕ್ಕಿಂತ ಇದೇ ಚೆನ್ನಾಗಿದೆ ಅಲ್ವಾ?" ಅಂದ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ಮೊದಲು ಈ .22 ಅಂದರೆ ಏನು ಅಂತ ನೋಡೋಣ. ಅದು ನಳಿಗೆಯ ತೂತಿನ ಅಗಲ, ಇಂಚಿನ ಲೆಕ್ಕದಲ್ಲಿ. ನನ್ನ ಅಂಗೈ ಮೇಲೆ ಇರುವುದು ಇಲ್ಲೇ ಬಾಲೇವಾಡಿಯ ಶೂಟಿಂಗ್ ರೇಂಜಿನಿಂದ ಕೇಳಿ ತಂದ ಒಂದು ಖಾಲಿ ತೋಟಾ, ಅಂದರೆ ಗುಂಡು ಹಾರಿಹೋದ ಮೇಲೆ ಉಳಿದ ಹಿತ್ತಾಳೆ ಕೊಳವೆ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ ಇದೆ. ಮುಂದಿನ ಸಾಲಿನವರು ಕೈಯಲ್ಲಿ ಹಿಡಿದು ತಳ ನೋಡಿ. ಸುತ್ತ ಒಂದು ಅಂಚು ಇದೆ. ಅಂಚಿನ ಒಂದು ಕಡೆ ಉಳಿಯಿಂದ ಕುಟ್ಟಿದ ಹಾಗೆ ಪುಟ್ಟ ತಗ್ಗು ಇದೆ. ಅಲ್ಲೇ ಪಿನ್ನು ಹೊಡೆದದ್ದು. ಈ ಅಂಚು ಒಳಗೆ ಟೊಳ್ಳು. ಆ ಮಡಿಕೆಯೊಳಗೆ ಕಿಡಿ ಹತ್ತುವ ಮದ್ದು ಕೂರಿಸಿರುತ್ತಾರೆ. ಪಿನ್ನು ಅಂಚನ್ನು ಜಜ್ಜಿತು ಅಂದರೆ ಕಿಡಿ. ಅದಕ್ಕೇ ರಿಮ್‌ಫೈರ್ ಅನ್ನುವುದು. ದೊಡ್ಡ ತೋಟಾಗಳಲ್ಲಿ ಹಾಗಲ್ಲ, ತಳದ ನಟ್ಟನಡುವೆ ಬೇರೆಯೇ ಒಂದು ಕೇಪು ಇರುತ್ತದೆ.

ಅಂಚು ಜಜ್ಜಿಹೋಗಬೇಕು ಅಂದರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಹೆಚ್ಚು ಒತ್ತಡ ತಡೆಯುವುದಿಲ್ಲ. ತಗಡಿನ ಕೆಲಸ ಮಾಡಿದವರಿಗೆ ಇದು ಹೇಳದೆಯೇ ಗೊತ್ತಾಗುತ್ತದೆ. ಅದಕ್ಕೇ ರಿಮ್‌ಫೈರ್ ಸಣ್ಣದಾಗಿಯೇ ಉಳಿಯಿತು. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಹಳೇ .303 ರೈಫಲಿನ ಗುಂಡು 11 ಗ್ರಾಂ ದಾಟುತ್ತದೆ, ವೇಗವೂ ಎರಡು ಪಟ್ಟಿಗಿಂತ ಜಾಸ್ತಿ. ಎರಡರ ಹೊಡೆತದ ಶಕ್ತಿ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ಪಟ್ಟು ವ್ಯತ್ಯಾಸ. ಹಾಗಂತ .22 ಆಟದ ಸಾಮಾನು ಅಂದುಕೊಳ್ಳಬೇಡಿ. ಆ ಎರಡೂವರೆ ಗ್ರಾಂ ಸಾಕು ಮನುಷ್ಯನ ಪ್ರಾಣ ತೆಗೆಯಲು.

ಇನ್ನೊಂದು ಮಾತು. ಕಿಟ್ ಅಂದರೆ ಹೊಸದು, ಎಂಜಿ42 ಅಂದರೆ ಹಳೇದು ಅಂತ ನಮ್ಮ ಹುಡುಗ ಅಂದುಕೊಂಡಿದ್ದ. ಇವತ್ತು ಎಲ್ಲ ಕಡೆ ಓಡುವ .22 ಲಾಂಗ್ ರೈಫಲ್ ತೋಟಾ ಹುಟ್ಟಿದ್ದು 1880ರ ದಶಕದಲ್ಲಿ, ಅಮೆರಿಕದ ಸ್ಟೀವನ್ಸ್ ಕಂಪನಿಯಲ್ಲಿ. ಅದಕ್ಕೂ ಮೊದಲು 1857ರಲ್ಲೇ ಸ್ಮಿತ್ ಆ್ಯಂಡ್ ವೆಸ್ಸನ್ ತಮ್ಮ ಮೊದಲ ರಿವಾಲ್ವರಿಗೆ .22 ಶಾರ್ಟ್ ತಂದಿದ್ದರು. ಇಂಥ ಕಿಟ್‌ಗಳು ವೇಷ ಹಾಕುವ ಅಮೆರಿಕದ ಥಾಂಪ್ಸನ್ ಮೆಷಿನ್‌ಗನ್ ಬಂದದ್ದು 1921ರಲ್ಲಿ, ಎಂಜಿ42 ಹೆಸರೇ ಹೇಳುವ ಹಾಗೆ 1942ರಲ್ಲಿ. ಅಂದರೆ ಆ ಕಿಟ್ಟಿನ ಹೊದಿಕೆಯ ಒಳಗೆ ಕೂತ ಸಣ್ಣ ತೋಟಾ, ತಾನು ವೇಷ ಹಾಕಿದ ಈ ಇಬ್ಬರಿಗಿಂತಲೂ ಹಿರಿಯ. ಅದಕ್ಕೆ ತನ್ನದೇ ಮರ್ಯಾದೆ ಇದೆ. ಇನ್ನೊಬ್ಬರ ಅಂಗಿ ಬೇಕಿಲ್ಲ.

ಈಗ ಕಿಟ್ಟಿಗೆ ಬರುತ್ತೇನೆ. ನಾನು ಅದನ್ನು ಕೈಯಲ್ಲಿ ಹಿಡಿದಿದ್ದೇನೆ. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಬಾಣಂತನಕ್ಕೆ ಅಂತ ಅಕ್ಕನ ಜೊತೆ ನಾನೂ ಹೋಗಿದ್ದೆ. ಅವನ ಪಕ್ಕದ ಮನೆಯವರ ಹತ್ತಿರ ಇಂಥದ್ದೊಂದು ಇತ್ತು. ಒಂದು ಶನಿವಾರ ರೇಂಜಿಗೆ ಕರೆದುಕೊಂಡು ಹೋದರು. ಒಳಗೆ ಇದ್ದದ್ದು ರೂಗರ್ 10/22. ಈ ರೈಫಲ್ 1964ರಿಂದ ಬರುತ್ತಿದೆ, ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಹತ್ತು ಗುಂಡಿನ ಗುಂಡಗಿನ ಮ್ಯಾಗಜಿನ್, ನಾಲ್ಕಾರು ಸ್ಕ್ರೂ, ಬಿಚ್ಚಿ ಜೋಡಿಸುವುದು ಬಲು ಸುಲಭ. ಅದಕ್ಕೇ ಎಲ್ಲರೂ ಅದರ ಮೇಲೇ ವೇಷ ಕಟ್ಟುತ್ತಾರೆ. ಅದರ ಮರ ತೆಗೆದು ಹೊಸ ಮೈ ಹಾಕಿದರೆ ಥಾಂಪ್ಸನ್ ಆಗುತ್ತದೆ, ಎಂಜಿ ಆಗುತ್ತದೆ. ಎರಡು ರೈಫಲ್ ಅಕ್ಕಪಕ್ಕ ಕೂರಿಸಿ ಒಂದು ಹಿಡಿ ತಿರುಗಿಸಿದರೆ ಹಳೇ ಕಾಲದ ಗ್ಯಾಟ್ಲಿಂಗ್ ಗನ್ ಥರ ಕಾಣುವ ಕಿಟ್ಟೂ ಇದೆ. ಜರ್ಮನಿಯಲ್ಲಿ ಕಂಪನಿಗಳೇ ನೇರವಾಗಿ .22ರಲ್ಲಿ ಯುದ್ಧಕಾಲದ ಎಂಪಿ40, ಎಸ್‌ಟಿಜಿ44 ಕೋವಿಗಳ ರೂಪದವನ್ನು ಮಾಡಿ ಮಾರುತ್ತವೆ.

ಅಲ್ಲಿನವರು ಯಾಕೆ ಕೊಳ್ಳುತ್ತಾರೆ ಅನ್ನುವುದು ನನಗೆ ಅರ್ಥವಾಯಿತು. ಅಮೆರಿಕದಲ್ಲಿ ಅಸಲಿ ಮೆಷಿನ್‌ಗನ್‌ಗಳಿಗೆ 1934ರಿಂದಲೇ ನೋಂದಣಿ ಕಾನೂನು ಇದೆ. 1986ರ ಮೇ 19ರ ನಂತರ ಹೊಸದಾಗಿ ಸಾಮಾನ್ಯ ಜನರ ಹೆಸರಿಗೆ ನೋಂದಣಿ ನಿಂತೇಹೋಯಿತು. ಆಗ ಪಟ್ಟಿಯಲ್ಲಿ ಇದ್ದವೇ ಕೈ ಬದಲಾಗುತ್ತಿವೆ, ಬೆಲೆ ಹತ್ತಾರು ಸಾವಿರ ಡಾಲರ್. ಅಷ್ಟು ಕೊಟ್ಟು ತಂದರೂ ಗುಂಡಿನ ಖರ್ಚು ಬೇರೆ. ಎಂಜಿ42 ನಿಮಿಷಕ್ಕೆ 1,200 ಗುಂಡು ಉಗುಳುತ್ತದೆ. .22 ಆದರೆ ಒಂದು ಮಧ್ಯಾಹ್ನ ಪೂರ್ತಿ ಹೊಡೆದರೂ ಜೇಬಿಗೆ ಭಾರವಾಗುವುದಿಲ್ಲ. ಪಕ್ಕದ ಮನೆಯವರ ಮಗಳು, ಹನ್ನೆರಡು ವರ್ಷ ಇರಬಹುದು, ಅಪ್ಪನ ಕಣ್ಗಾವಲಿನಲ್ಲಿ ಹತ್ತು ಗುಂಡು ಹೊಡೆದಳು. ಒಂದಿಷ್ಟೂ ಹೆದರಲಿಲ್ಲ. ಹೊಡೆದಾಗ ಹೆಗಲಿಗೆ ಬೀಳುವ ಹಿಂದೊತ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವಳ ಮುಖ ನೋಡಿ ನನಗೂ ಖುಷಿಯಾಯಿತು. ಈ ಖುಷಿಯನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಅದೇ ವಾರ ಒಂದು ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಅಸಲಿ ಎಂಜಿ42 ನೋಡಿದೆ. ಅಲ್ಲಿಂದ ಕಾಲು ಕದಲಲಿಲ್ಲ. ಅಳಿಯ ಎರಡು ಸಲ ಬಂದು ಕರೆದ.

ಯಾಕೆ ಗೊತ್ತಾ? ಅದು ಪ್ರೆಸ್ ಟೂಲಿನ ಕೆಲಸ. ಹಿಂದಿನ ಮೆಷಿನ್‌ಗನ್‌ಗಳನ್ನು ಗಟ್ಟಿ ಉಕ್ಕಿನ ದಿಮ್ಮಿಯಿಂದ ಕೊರೆದು ಕೊರೆದು ಮಾಡುತ್ತಿದ್ದರು. ಗಂಟೆಗಟ್ಟಲೆ ಮಿಲ್ಲಿಂಗ್, ಅರ್ಧಕ್ಕಿಂತ ಹೆಚ್ಚು ಉಕ್ಕು ಚೂರಾಗಿ ಕಸಕ್ಕೆ. ಎಂಜಿ42 ರೂಪಿಸಿದ ವರ್ನರ್ ಗ್ರೂನರ್ ಕೆಲಸ ಮಾಡುತ್ತಿದ್ದ ಗ್ರೋಸ್‌ಫುಸ್ ಕಂಪನಿ ಕೋವಿ ಕಂಪನಿಯೇ ಅಲ್ಲ, ತಗಡಿನ ಸಾಮಾನು ಮಾಡುವ ಕಾರ್ಖಾನೆ. ತಗಡು ಗೊತ್ತಿದ್ದ ಮನುಷ್ಯ ಆತ. ಗಟ್ಟಿ ಬೇಕಾದಲ್ಲಿ ಮಾತ್ರ ಗಟ್ಟಿ ಉಕ್ಕು ಇಟ್ಟು, ಉಳಿದ ಮೈಯನ್ನೆಲ್ಲ ತಗಡು ಒತ್ತಿ, ಮಡಿಸಿ, ಸ್ಪಾಟ್ ವೆಲ್ಡ್ ಮಾಡಿ, ರಿವಿಟ್ ಹೊಡೆದು ಕಟ್ಟಿದ. ಗಾಜಿನ ಈಚೆಯಿಂದಲೇ ನನಗೆ ವೆಲ್ಡಿನ ಚುಕ್ಕೆಗಳು ಕಂಡವು. ನಳಿಗೆಯ ಹೊದಿಕೆಯಲ್ಲಿ ಉದ್ದನೆಯ ತೂತುಗಳ ಸಾಲು ಇದೆಯಲ್ಲ, ಅದು ಅಂದಕ್ಕಲ್ಲ. ಅಷ್ಟು ಬೇಗ ಹೊಡೆದರೆ ನಳಿಗೆ ಕೆಂಡದ ಹಾಗೆ ಕಾಯುತ್ತದೆ, ಗಾಳಿ ಆಡಬೇಕು. ಒಂದು ಬದಿಯಲ್ಲಿ ದೊಡ್ಡ ಬಾಯಿ ಇದೆ. ಕಾದ ನಳಿಗೆಯನ್ನು ಅಲ್ಲಿಂದ ಎಳೆದು, ತಣ್ಣನೆಯದನ್ನು ತುರುಕಿ ಮತ್ತೆ ಶುರು ಮಾಡಬೇಕು. ಒಂದೊಂದು ತೂತಿಗೂ ಒಂದೊಂದು ಕಾರಣ. ಯಾವ ಕೆಟ್ಟ ಕೆಲಸಕ್ಕೆ ಅದನ್ನು ಬಳಸಿದರು ಅನ್ನುವುದನ್ನು ನಾನು ಮರೆಯುವುದಿಲ್ಲ, ನೀವೂ ಮರೆಯಬೇಡಿ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನೋಡಬೇಕು. ಕೈಕೆಲಸ ಮಾತ್ರ ಕಣ್ಣೆದುರಿಗೇ ಇತ್ತು.

ಕಿಟ್ಟಿನಲ್ಲೂ ಆ ತೂತುಗಳಿದ್ದವು. ಒಳಗಿನ ನಳಿಗೆ ಹಾಗೆ ಕಾಯುವುದೇ ಇಲ್ಲ. ಆ ಬದಿಯ ಬಾಯಿಯೂ ಇತ್ತು, ಅಲ್ಲಿಂದ ಏನೂ ಹೊರಗೆ ಬರುವುದಿಲ್ಲ. ಗ್ಯಾಟ್ಲಿಂಗ್ ಕಿಟ್ಟಿನದೂ ಇದೇ ಕಥೆ. ರಿಚರ್ಡ್ ಗ್ಯಾಟ್ಲಿಂಗ್ 1862ರಲ್ಲಿ ಪೇಟೆಂಟ್ ಪಡೆದದ್ದು ತಿರುಗುವ ನಳಿಗೆಗಳ ಗೊಂಚಲಿಗೆ. ಒಂದು ಹೊಡೆಯುವಾಗ ಇನ್ನೊಂದು ಖಾಲಿ ಮಾಡಿಕೊಳ್ಳುತ್ತದೆ, ಮತ್ತೊಂದು ತುಂಬಿಕೊಳ್ಳುತ್ತದೆ, ಎಲ್ಲವೂ ಸರದಿಯಲ್ಲಿ ತಣ್ಣಗಾಗುತ್ತವೆ. ಆ ಯೋಚನೆಯೇ ಗ್ಯಾಟ್ಲಿಂಗ್. ಎರಡು ರೈಫಲ್‌ಗಳ ಟ್ರಿಗರನ್ನು ಒಂದು ಹಿಡಿಯಿಂದ ತಟ್ಟಿಸಿದರೆ ಹಿಡಿ ಮಾತ್ರ ಉಳಿಯಿತು, ಯೋಚನೆ ಹೋಯಿತು.

ಯಕ್ಷಗಾನ ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ಕಿರೀಟ ಕಟ್ಟಿ ಬಣ್ಣ ಬಳಿದ ಮಾತ್ರಕ್ಕೆ ಯಾರೂ ಕೌರವ ಆಗುವುದಿಲ್ಲ. ಹೆಜ್ಜೆ ಬೇಕು, ಅರ್ಥ ಹೇಳಬೇಕು, ಬೆಳಗಿನ ಜಾವದ ತನಕ ದಣಿಯಬೇಕು. ಈ ಕಿಟ್‌ಗಳಲ್ಲಿ ಚೌಕಿಯಿಂದ ವೇಷ ಎದ್ದು ಬಂದಿದೆ, ರಂಗದಲ್ಲಿ ಕುಣಿತ ಇಲ್ಲ.

ಹಾಗಾದರೆ ನಕಲು ಮಾಡುವುದೇ ತಪ್ಪಾ? ಅಲ್ಲ. ಯಾವುದನ್ನು ಉಳಿಸಿಕೊಂಡು ನಕಲು ಮಾಡಿದೆ ಅನ್ನುವುದೇ ಮುಖ್ಯ. ಬ್ರಿಟಿಷರು ಒಂದು ಕೆಲಸ ಮಾಡಿದರು. ಅವರ .303 ಲೀ-ಎನ್‌ಫೀಲ್ಡ್ ರೈಫಲ್ ಗೊತ್ತಲ್ಲ, 1907ರ ಮಾರ್ಕ್ 3, ಬಂಗಾಳದ ಇಛಾಪುರದ ನಮ್ಮ ಕಾರ್ಖಾನೆಯಲ್ಲೂ ಲಕ್ಷಗಟ್ಟಲೆ ಆದದ್ದು. ಹೊಸ ಸಿಪಾಯಿಗಳಿಗೆ ದುಬಾರಿ ಗುಂಡು ಕೊಟ್ಟು ಕಲಿಸುವುದು ಕಷ್ಟ. ಹಾಗಾಗಿ ಅದೇ ರೈಫಲಿಗೆ .22 ನಳಿಗೆ ಹಾಕಿದರು. ಅದೇ ಮರ, ತೋಟಾ ಒಳಗೆ ತಳ್ಳುವ ಅದೇ ಥರದ ಬೋಲ್ಟು, ಸುಮಾರು ಅದೇ ನಾಲ್ಕು ಕಿಲೋ ತೂಕ. ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಇಳಿಸುವ ನಾಲ್ಕು ಚಲನೆ ಕೈಗೆ ಕೂರಬೇಕು. ಒಂದು ನಿಮಿಷದಲ್ಲಿ 300 ಗಜದ ಗುರಿಗೆ 15 ಗುಂಡು ಹಾಕಬೇಕು ಅನ್ನುವ ಆ ಸೈನ್ಯಕ್ಕೆ ಬೇಕಾಗಿದ್ದದ್ದು ಇದೇ ಅಭ್ಯಾಸ. ಇಲ್ಲಿ ಕೂತವರಲ್ಲಿ ಎನ್‌ಸಿಸಿಯಲ್ಲಿ ಇದ್ದವರು ಕೈ ಎತ್ತಿ. ನೋಡಿ, ಎಂಟು ಜನ! ನೀವೆಲ್ಲ ನೆಲದ ಮೇಲೆ ಮಲಗಿ ಮೊದಲ ಗುಂಡು ಹೊಡೆದದ್ದು ಬೋಲ್ಟಿನ .22 ರೈಫಲಿನಲ್ಲೇ. ಅದೂ ಒಂದು ರೀತಿಯ ನಕಲೇ. ಕೆಲಸ ಕಲಿಸುವ ನಕಲು. ನಾನು ಅದಕ್ಕೆ ತಲೆಬಾಗುತ್ತೇನೆ.

ಇನ್ನು ಅಸಲಿ. ಇಲ್ಲಿ ನನಗೆ ಮಾತು ಸ್ವಲ್ಪ ಕಷ್ಟ.

ಅಜ್ಜನ ಕೋವಿ ಬರ್ಮಿಂಗ್‌ಹ್ಯಾಮಿನದು. ಹೊರಗೆ ಎರಡು ಕುದುರೆ, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆ. ನಳಿಗೆಯ ಅಳತೆ 12 ಬೋರು. ನಳಿಗೆ ಡಮಾಸ್ಕಸ್. ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ಹೊಸೆದು, ಸರಳಿನ ಸುತ್ತ ಸುತ್ತಿ, ಕಾಸಿ ಬಡಿದು ಬೆಸೆದ ನಳಿಗೆ. ಬಿಸಿಲಿಗೆ ಹಿಡಿದರೆ ಮೈಮೇಲೆಲ್ಲ ಹಾವಿನ ಚರ್ಮದ ಹಾಗೆ ಗೆರೆ ಗೆರೆ. ಮಳೆಗಾಲ ಮುಗಿದ ಮೇಲೆ ಅಜ್ಜ ಅದನ್ನು ಚಾಪೆಯ ಮೇಲೆ ಬಿಚ್ಚಿ ಎಣ್ಣೆ ಹಾಕುವಾಗ ನಾನು ಎದುರು ಕೂರುತ್ತಿದ್ದೆ. ನಳಿಗೆಯ ಅಡಿಯಲ್ಲಿ ಕಿರೀಟದ ಕೆಳಗೆ ಅಕ್ಷರಗಳ ಸಣ್ಣ ಮುದ್ರೆ ಇತ್ತು. ಅದು ಪ್ರೂಫ್ ಮುದ್ರೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಇದೆ. ಹೆಚ್ಚು ಮದ್ದು ತುಂಬಿ ಹೊಡೆದು, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಮರದ ಮೇಲೆ, ಅಜ್ಜನ ಕೆನ್ನೆ ತಾಗುವ ಜಾಗ ಮಾತ್ರ ಬೇರೆ ಬಣ್ಣ. ನುಣ್ಣಗೆ, ಹಳೇ ಮಣೆಯ ಹಾಗೆ.

ಅಜ್ಜ ಹೋದ ಮೇಲೆ ಲೈಸೆನ್ಸು ದೊಡ್ಡಪ್ಪನ ಹೆಸರಿಗೆ ಆಯಿತು. ಅವರು ಪ್ರೀತಿಯಿಂದಲೇ, ಹೊಸದರ ಹಾಗೆ ಮಾಡಿಸೋಣ ಅಂತ ರಿಪೇರಿಗೆ ಕೊಟ್ಟರು. ವಾಪಸ್ ಬಂದಾಗ ನಾನು ಊರಿನಲ್ಲೇ ಇದ್ದೆ. ನಳಿಗೆಯನ್ನು ಎಮರಿ ಹಾಕಿ ಉಜ್ಜಿ ಕಪ್ಪು ಬಣ್ಣ ಹೊಡೆದಿದ್ದರು. ಗೆರೆಗಳಿಲ್ಲ. ಮುದ್ರೆಯ ಜಾಗ ಸವೆದು ಸಪಾಟಾಗಿತ್ತು. ಮರವನ್ನು ತಿಕ್ಕಿ ಮಿರಮಿರ ಮಿಂಚುವ ವಾರ್ನಿಶ್ ಬಳಿದಿದ್ದರು, ಅಜ್ಜನ ಕೆನ್ನೆಯ ಗುರುತೂ ಹೋಗಿತ್ತು. ದೊಡ್ಡಪ್ಪ "ಹ್ಯಾಗಿದೆ ಮಾರಾಯಾ, ಅಂಗಡಿಯಿಂದ ತಂದಂಗಿದೆ ಅಲ್ವಾ?" ಅಂದರು. ನಾನು ಹೌದು ಅಂದೆ. ಬೇರೆ ಏನು ಹೇಳಲಿ? ಆ ರಾತ್ರಿ ನಿದ್ದೆ ಬರಲಿಲ್ಲ. ಅಸಲಿ ಕೋವಿಯನ್ನೇ ಅದರ ನಕಲು ಮಾಡಿ ಕಳಿಸಿದ್ದರು.

ಅವತ್ತೇ ನನಗೆ ತಿಳಿದದ್ದು, ಹಳೇ ಕೋವಿಯ ಬೆಲೆ ಇರುವುದು ಆಕಾರದಲ್ಲಲ್ಲ. ಆಕಾರವನ್ನು ಯಾವ ಅಚ್ಚಿನಲ್ಲಾದರೂ ತೆಗೆಯಬಹುದು, ಆ ಕೆಲಸವನ್ನು 31 ವರ್ಷ ನಾನೇ ಮಾಡಿದ್ದೇನೆ. ಅದರ ಬೆಲೆ ಇರುವುದು ಮೈಮೇಲಿನ ಗುರುತುಗಳಲ್ಲಿ. ಯಾರು ಮಾಡಿದರು, ಯಾರು ಪರೀಕ್ಷೆ ಮಾಡಿದರು, ಯಾರ ಕೈ ಯಾರ ಕೆನ್ನೆ ತಾಗಿತು, ಅದೆಲ್ಲ ಅಲ್ಲಿ ಬರೆದಿರುತ್ತದೆ. ಅದಕ್ಕೇ ಅಸಲಿ ಇದ್ದವರು ಮಾಲೀಕರಲ್ಲ, ಕಾವಲಿನವರು ಅಂತ ನಾನು ಹೇಳುವುದು. ಎಣ್ಣೆ ಹಾಕಿ, ಒಣ ಬಟ್ಟೆಯಲ್ಲಿ ಒರೆಸಿ, ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ. ಅಷ್ಟು ಸಾಕು. ಹೊಳಪು ಕೊಡಿಸಬೇಡಿ.

ಹೊಡೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಡಮಾಸ್ಕಸ್ ನಳಿಗೆಯಲ್ಲಿ ಈಗಿನ ತೋಟಾ ಹಾಕಲೇಬೇಡಿ. ಅದು ಕಡಿಮೆ ಒತ್ತಡದ ಕರಿಮದ್ದಿನ ಕಾಲದ್ದು. ಬೆಸುಗೆಯ ಸಂದಿನಲ್ಲಿ ಒಳಗಿಂದೊಳಗೆ ತುಕ್ಕು ತಿಂದಿದ್ದರೆ ಹೊರಗೆ ಕಾಣುವುದಿಲ್ಲ. ನಳಿಗೆ ಬಿರಿದರೆ ಹೋಗುವುದು ನಿಮ್ಮ ಎಡಗೈ. ಈ ಒಂದು ವಿಷಯದಲ್ಲಿ .22 ಪರ ಮಾತಾಡುವವರ ಮಾತು ಪೂರ್ತಿ ಸರಿ. ಹೊಡೆಯುವ ಆಸೆ ಇದ್ದರೆ ಹೊಸ .22 ಹಿಡಿಯಿರಿ, ಅಜ್ಜನದನ್ನು ಬಿಡಿ.

ನಮ್ಮ ದೇಶದಲ್ಲಿ ಆ ಅಮೆರಿಕದ ಕಿಟ್ ಕೊಂಡು ತರುವ ಮಾತು ಹಾಗಿರಲಿ. ಸಾಮಾನ್ಯ ಜನರಿಗೆ ವಿದೇಶಿ ಕೋವಿಯ ಆಮದು 1980ರ ದಶಕದಲ್ಲೇ ಮುಚ್ಚಿಹೋಯಿತು. .303 ನಿಷೇಧಿತ ಬೋರು, ನಮ್ಮಂಥವರಿಗೆ ಸಿಗುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಹಾಗಾಗಿ ನಮ್ಮಲ್ಲಿ ಅಸಲಿ ಅಂದರೆ ಬಹುಪಾಲು ಮನೆತನದಿಂದ ಬಂದದ್ದೇ. ಇವತ್ತು ಕಳೆದುಕೊಂಡರೆ ನಾಳೆ ಇನ್ನೊಂದು ಬರುವುದಿಲ್ಲ. ಕೊಡಗಿನವರು ಇಲ್ಲಿ ಇಬ್ಬರು ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಲ್‌ಪೊಳ್ದು ಅನ್ನುವ ಆಯುಧದ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಅನ್ನುವ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ, ಅದರಲ್ಲಿ .22ಕ್ಕೂ ಜಾಗ ಇದೆ. ಪೂಜೆಗೆ ಒಂದು, ಪಂದ್ಯಕ್ಕೆ ಒಂದು. ಎರಡಕ್ಕೂ ಜಗಳವೇ ಇಲ್ಲ!

ಇನ್ನು ನಮ್ಮ ಹುಡುಗನಿಗೆ. ಸುಮ್ನೆ ಬಯ್ಯುವುದಕ್ಕೆ ಹೇಳುತ್ತಿಲ್ಲಪ್ಪ. ಒಂದು ಭಾನುವಾರ ಬಾ, ಬಾಲೇವಾಡಿಗೆ ಹೋಗೋಣ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಮೂರು ಭಂಗಿಯ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯವರು, ಮಧ್ಯ ರೈಲ್ವೆಯ ನೌಕರ, ಅಭ್ಯಾಸ ಮಾಡಿದ್ದು ಅಲ್ಲೇ. ಗಳಿಸಿದ್ದು 451.4 ಅಂಕ. ಹಿಡಿದದ್ದು .22 ರಿಮ್‌ಫೈರ್. ಮಂಡಿಯೂರಿ, ಮಲಗಿ, ನಿಂತು, 50 ಮೀಟರ್ ಆಚೆಯ ಹತ್ತರ ಚುಕ್ಕೆಗೆ ಹೊಡೆಯಬೇಕು. ಆ ಚುಕ್ಕೆಯ ಅಗಲ 10.4 ಮಿಲಿಮೀಟರ್, ನಿನ್ನ ಅಂಗಿಯ ಗುಂಡಿಯಷ್ಟು. ಆ ರೈಫಲ್ ಯಾರ ವೇಷವನ್ನೂ ಹಾಕಿಲ್ಲ. ತನ್ನ ಹಾಗೇ ಇದೆ. ಅದನ್ನು ಹಿಡಿದು ಉಸಿರು ಕಟ್ಟಿ ನಿಂತವರನ್ನು ಒಂದು ಗಂಟೆ ನೋಡು. ಆಮೇಲೆ ನನ್ನ ಜೊತೆ ಊರಿಗೆ ಬಾ, ಅಜ್ಜನ ಕೋವಿಯಲ್ಲಿ ಏನು ಉಳಿದಿದೆಯೋ ತೋರಿಸುತ್ತೇನೆ. ಕೀಲಿನ ಒಳಮೈಯಲ್ಲಿ ಅವರ ಎಮರಿ ತಾಗದ ಒಂದು ಇಂಚು ಇನ್ನೂ ಇದೆ. ಆ ಒಂದು ಇಂಚಿನಲ್ಲಿ ಗೆರೆ ಕಾಣುತ್ತದೆ.

ಮಾತು ಅಲ್ಲಿಗೆ ಮುಗಿಯಿತು. ಚಹಾ ಕುಡಿಯುವಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಬಂದರು. ಧಾರವಾಡ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. "ಅಣ್ಣಾ, ನಮ್ಮನೆಯವರು ಹೋಗಿ ಎಂಟು ತಿಂಗಳಾತು. ಅವರ ಬಂದೂಕು ಠಾಣೆದಾಗ ಇಟ್ಟೇವಿ. ಮಗ ಅಂತಾನ, ವೆಲ್ಡ್ ಮಾಡಿಸಿ ಗ್ವಾಡಿಗೆ ಹಾಕೋಣ, ಇಲ್ಲಾ ಕೊಟ್ಟೇ ಬಿಡೋಣ. ಏನ್ ಮಾಡ್ಲಿ?"

ಠಾಣೆಯಲ್ಲಿ ಇಟ್ಟದ್ದು ಸರಿ ಮಾಡಿದಿರಿ ಅಂದೆ. ಲೈಸೆನ್ಸುದಾರರು ತೀರಿಕೊಂಡರೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಡಲೇಬೇಕು. ವೆಲ್ಡ್ ಮಾಡಿಸಬೇಡಿ. 2016ರ ಆರ್ಮ್ಸ್ ರೂಲ್ಸಿನ 25ನೇ ನಿಯಮದಲ್ಲಿ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು ದಾರಿ ಇದೆ. ಮರಣ ಪತ್ರ, ಹಳೇ ಲೈಸೆನ್ಸು, ಠಾಣೆಯ ರಸೀದಿ ಒಂದೇ ಕಡೆ ಇಟ್ಟುಕೊಂಡು ಕಮಿಷನರ್ ಕಚೇರಿಯ ಶಸ್ತ್ರ ಲೈಸೆನ್ಸ್ ವಿಭಾಗಕ್ಕೆ ಹೋಗಿ ಅಂದೆ.

"ನನ್ನ ಹೆಸರಿಗಾ?" ಅಂತ ಕೇಳಿದರು.

ನಿಮ್ಮ ಹೆಸರಿಗೇ ಅಮ್ಮಾ, ಕೇಳಬಹುದು ಅಂದೆ. ಸ್ವಲ್ಪ ಹೊತ್ತು ಚಹಾದ ಕಪ್ಪನ್ನೇ ನೋಡುತ್ತಿದ್ದರು. ಆಮೇಲೆ, "ಮರದ ಮ್ಯಾಲೆ ಅವರ ಕೆನ್ನಿ ತಾಗೋ ಜಾಗ ಐತೋ ಇಲ್ಲೋ ನಾ ನೋಡೇ ಇಲ್ಲ" ಅಂದರು. ಚೀಲದಿಂದ ಪೆನ್ನು ತೆಗೆದು, ನಿಯಮದ ನಂಬರು ಇನ್ನೊಮ್ಮೆ ಹೇಳಿ ಅಂತ ಕಾರ್ಯಕ್ರಮದ ಕರಪತ್ರದ ಹಿಂಬದಿಯಲ್ಲಿ ಬರೆದುಕೊಂಡರು.